ಕೇಬಲ್ ಲೇಬಲ್ ಕಿತ್ತು ಬರುತ್ತಿದ್ದರೆ ಮೊದಲು ವೈರ್‌ನ ಮೈ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ. ಎಲೆಕ್ಟ್ರಿಕಲ್ ಪ್ಯಾನೆಲ್ ಒಳಗಿನ 1.5 ಸ್ಕ್ವೇರ್ ಎಂಎಂ ವೈರ್‌ಗಳಿಗೂ, ಕೇಬಲ್ ಟ್ರೇಯಲ್ಲಿ ಹೋಗುವ ಮಲ್ಟಿಕೋರ್ (ಒಂದೇ ಹೊದಿಕೆಯೊಳಗೆ ಹಲವು ವೈರ್ ಇರುವ) ಕೇಬಲ್‌ಗಳಿಗೂ ಒಂದೇ ಪಾಲಿಯೆಸ್ಟರ್ ಲೇಬಲ್ ಸುತ್ತಿದ್ದೀರಿ. ಕೆಲವೇ ತಿಂಗಳಲ್ಲಿ ಅಂಚು ಎದ್ದು ಬರುತ್ತಿದೆ. ಮಷಿನ್ ಹತ್ತಿರ ಎಣ್ಣೆ ತಾಗುವ ಕಡೆ ಅಕ್ಷರವೂ ಅಳಿಸುತ್ತಿದೆ. ವಿನೈಲ್, ನೈಲಾನ್, ಪಾಲಿಯೆಸ್ಟರ್ ಮೂರರಲ್ಲಿ ಗಟ್ಟಿ ಯಾವುದು, ಎಲ್ಲದಕ್ಕೂ ಒಂದೇ ತಂದರೆ ಸಾಕಾ ಅಂತ ಕೇಳಿದ್ದೀರಿ.

ಒಂದೇ ತಂದರೆ ಸಾಲುವುದಿಲ್ಲ. ನಾನು ಪ್ಯಾನೆಲ್ ವೈರಿಂಗ್ ಕೆಲಸದಲ್ಲೇ ಇರುವವನು, ಈ ತೊಂದರೆಯನ್ನು ಬೇಕಾದಷ್ಟು ನೋಡಿದ್ದೇನೆ. ಲೇಬಲ್ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಅದು ಎಷ್ಟು ಡಿಗ್ರಿ ತಡೆಯುತ್ತದೆ ಅಂತ. ಪ್ಯಾನೆಲ್ ಒಳಗೆ ಬಿಸಿಯಿಂದ ಹಾಳಾಗುವ ಲೇಬಲ್ ಕಮ್ಮಿ. ಅದು ಯಾವ ಮೈಗೆ ಅಂಟುತ್ತಿದೆ, ಆ ಮೈ ಎಷ್ಟು ಸಣ್ಣ ಸುತ್ತಳತೆಯದು ಅನ್ನುವುದರಲ್ಲೇ ಮುಕ್ಕಾಲು ಪಾಲು ನಿರ್ಧಾರ ಆಗಿಬಿಡುತ್ತದೆ.

ಹೊಸ ರೋಲ್ ಆರ್ಡರ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಎದ್ದು ಬಂದಿರುವ ಲೇಬಲ್ ಒಂದನ್ನು ನಿಧಾನವಾಗಿ ಕಿತ್ತು ಬೆಳಕಿಗೆ ಹಿಡಿದು ನೋಡಿ. ಅಂಟು ಪೂರ್ತಿ ಲೇಬಲ್‌ನಲ್ಲೇ ಉಳಿದು, ವೈರ್ ನುಣ್ಣಗೆ ಇದ್ದು, ಅಂಚಿನಲ್ಲಿ ಮಾತ್ರ ಧೂಳಿನ ಗೆರೆ ಕೂತಿದ್ದರೆ ಅಂಟು ಆ ಮೈಯನ್ನು ಹಿಡಿದೇ ಇಲ್ಲ, ಇಲ್ಲವೇ ಲೇಬಲ್‌ನ ಗಡಸುತನ ಅದನ್ನು ಎಬ್ಬಿಸಿದೆ. ಎಳೆದಾಗ ಅಂಟು ಎಳೆಎಳೆಯಾಗಿ ಬಂದು ಅರ್ಧ ವೈರ್ ಮೇಲೆ, ಅರ್ಧ ಲೇಬಲ್ ಮೇಲೆ ಉಳಿದರೆ, ಬೆರಳಿಗೆ ಜಿಗುಟು ಹತ್ತಿದರೆ, ಅಂಟೇ ಮೆತ್ತಗಾಗಿದೆ. ಲೇಬಲ್ ಗಟ್ಟಿಯಾಗಿ ಕೂತಿದ್ದು ಅಕ್ಷರ ಮಾತ್ರ ಹೋಗಿದ್ದರೆ ತಪ್ಪು ಪ್ರಿಂಟ್‌ನದು. ಮೂರಕ್ಕೂ ಪರಿಹಾರ ಬೇರೆ ಬೇರೆ. ಇದನ್ನು ನೋಡದೆ "ಇನ್ನೂ ಸ್ಟ್ರಾಂಗ್ ಗಮ್ ಇರೋದು ಕೊಡಿ" ಅಂದರೆ ಸುಮ್ನೆ ದುಡ್ಡು ದಂಡ.

ನಿಮ್ಮ ಸಣ್ಣ ವೈರ್‌ಗಳಲ್ಲಿ ಆಗಿರುವುದು ಮೊದಲನೆಯದು ಅನ್ನಿಸುತ್ತದೆ. ಪಾಲಿಯೆಸ್ಟರ್ ಒಳ್ಳೆಯ ವಸ್ತುವೇ. ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ, ಸುಲಭವಾಗಿ ಹರಿಯುವುದಿಲ್ಲ, ನೂರು ಡಿಗ್ರಿ ದಾಟಿದರೂ ತಡೆಯುತ್ತದೆ. ಆದರೆ ಗಡುಸು. 1.5 ಸ್ಕ್ವೇರ್ ಎಂಎಂ ಪಿವಿಸಿ ವೈರ್‌ನ ಹೊರ ವ್ಯಾಸ ಸುಮಾರು 3 ಮಿಲಿಮೀಟರ್. ಅಷ್ಟು ಸಣ್ಣ ದುಂಡಿಗೆ ಸುತ್ತಿದ ಪಾಲಿಯೆಸ್ಟರ್ ಮತ್ತೆ ನೇರ ಆಗಲು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ. ಆ ಒತ್ತಡ ಪೂರ್ತಿ ಬೀಳುವುದು ಕೊನೆಯ ಅಂಚಿನ ಮೇಲೆ. ಪ್ಯಾನೆಲ್ ಬಿಸಿಯಾದಾಗ ಅಂಟು ಸ್ವಲ್ಪ ಸಡಿಲ ಆಗುತ್ತದೆ, ಅಂಚು ಒಂದು ಕೂದಲೆಳೆಯಷ್ಟು ಏಳುತ್ತದೆ, ಆ ಸಂದಿಗೆ ಧೂಳು ಸೇರುತ್ತದೆ. ಧೂಳು ಸೇರಿದ ಅಂಟು ಮತ್ತೆ ಹಿಡಿಯುವುದಿಲ್ಲ. ಆಫೀಸ್ ಫೈಲ್‌ಗೆ ಹಚ್ಚುವ ಲ್ಯಾಮಿನೇಟೆಡ್ ಟೇಪನ್ನು ವೈರ್‌ಗೆ ಸುತ್ತಿದಾಗಲೂ ಇದೇ ಕತೆ. ಪಾಲಿಯೆಸ್ಟರನ್ನು ಪ್ಯಾನೆಲ್ ಬಾಗಿಲು, ಎಂಸಿಬಿ ಸಾಲು, ಟರ್ಮಿನಲ್ ಕವರ್ ಇಂಥ ಸಪಾಟಾದ ಜಾಗಕ್ಕೆ ಇಟ್ಟುಕೊಳ್ಳಿ. ಅಲ್ಲಿ ಅದಕ್ಕಿಂತ ಒಳ್ಳೆಯದು ಬೇಕಾಗುವುದೇ ಅಪರೂಪ.

ಸಣ್ಣ ವೈರ್‌ಗೆ ಮೆತ್ತಗಿರುವ ವಸ್ತು ಬೇಕು. ಒಂದು ದಾರಿ ನೈಲಾನ್ ಬಟ್ಟೆಯ ಲೇಬಲ್. ಬಟ್ಟೆಯಾದ್ದರಿಂದ ದುಂಡಿಗೆ ಹಾಗೇ ಒಗ್ಗಿಕೊಳ್ಳುತ್ತದೆ, ವಾಪಸ್ ಸೆಟೆದು ನಿಲ್ಲುವುದಿಲ್ಲ. ಒಣಗಿದ, ಚೊಕ್ಕಟವಾದ ಪ್ಯಾನೆಲ್ ಒಳಗೆ ನನಗೆ ಅದರ ಮೇಲೆ ನಂಬಿಕೆ ಇದೆ. ಎಣ್ಣೆ, ನೀರು ಬೀಳುವ ಕಡೆ ಮಾತ್ರ ಬೇಡವೇ ಬೇಡ. ನೇಯ್ಗೆ ಎಣ್ಣೆ ಕುಡಿಯುತ್ತದೆ, ಅಕ್ಷರ ಮಂಕಾಗುತ್ತದೆ, ಮೇಲೆ ಕಾಯುವ ಪದರವೂ ಇಲ್ಲ.

ಇನ್ನೊಂದು ದಾರಿ ಸೆಲ್ಫ್ ಲ್ಯಾಮಿನೇಟಿಂಗ್ ವಿನೈಲ್. ನಿಮ್ಮ ಮಲ್ಟಿಕೋರ್ ಕೇಬಲ್‌ಗಳಿಗೆ ನಾನು ಹೇಳುವುದು ಇದನ್ನೇ. ಇದರಲ್ಲಿ ಒಂದು ತುದಿ ಬಿಳಿ, ಅಲ್ಲಿ ಪ್ರಿಂಟ್ ಆಗುತ್ತದೆ. ಉಳಿದದ್ದು ಪಾರದರ್ಶಕ ಬಾಲ. ಬಿಳಿ ಭಾಗವನ್ನು ಮೊದಲು ಅಂಟಿಸಿ ಸುತ್ತುತ್ತಾ ಬಂದರೆ ಬಾಲ ಅಕ್ಷರದ ಮೇಲೆ ಹೊದಿಕೆಯಾಗಿ ಕೂರುತ್ತದೆ. ಎಣ್ಣೆಯ ಕೈಯಲ್ಲಿ ಉಜ್ಜಿದರೂ ಅಕ್ಷರಕ್ಕೆ ನೇರವಾಗಿ ಏನೂ ತಾಗುವುದಿಲ್ಲ.

ಇಲ್ಲಿ ಅಳತೆಯಲ್ಲಿ ಜನ ಎಡವುತ್ತಾರೆ. ಕೇಬಲ್ ವ್ಯಾಸವನ್ನು 3.14ರಿಂದ ಗುಣಿಸಿದರೆ ಸುತ್ತಳತೆ. ಬಿಳಿ ಭಾಗ ಆ ಸುತ್ತಳತೆಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಅದು ತನ್ನದೇ ಅಕ್ಷರದ ಮೇಲೆ ಹತ್ತಿಕೊಳ್ಳುತ್ತದೆ. ಪಾರದರ್ಶಕ ಬಾಲ ಕಡಿಮೆಯೆಂದರೂ ಒಂದು ಪೂರ್ತಿ ಸುತ್ತಳತೆಯಷ್ಟು ಉದ್ದ ಇರಬೇಕು. 10 ಮಿಮೀ ಕೇಬಲ್ ತಗೊಳ್ಳಿ. ಸುತ್ತಳತೆ ಸುಮಾರು 31.4 ಮಿಮೀ. ಬಿಳಿ ಭಾಗ 15 ಮಿಮೀ ಇಟ್ಟರೆ ಒಟ್ಟು ಉದ್ದ ಕಡಿಮೆಯೆಂದರೂ 47 ಮಿಮೀ ಬೇಕು. 3 ಮಿಮೀ ವೈರ್‌ಗಾದರೆ ಸುತ್ತಳತೆ ಬರೀ 9.4 ಮಿಮೀ, ಬಿಳಿ ಭಾಗ 9 ಮಿಮೀ ಒಳಗೇ ಮುಗಿಯಬೇಕು. ಎಲ್ಲಾ ಸೈಜಿಗೂ ಒಂದೇ ಲೇಬಲ್ ಆಗಲ್ಲ ಅನ್ನುವುದಕ್ಕೆ ಈ ಲೆಕ್ಕವೊಂದೇ ಸಾಕು.

ಈಗ ಜಾಕೆಟ್, ಅಂದರೆ ಕೇಬಲ್‌ನ ಹೊರ ಹೊದಿಕೆಯ ವಿಷಯಕ್ಕೆ ಬರುತ್ತೇನೆ. ಲೇಬಲ್ ಮಾರುವವರು ಇದನ್ನು ಕೇಳುವುದೇ ಇಲ್ಲ, ನೀವೇ ಕೇಳಬೇಕು. ನಿಮ್ಮ ಕೇಬಲ್ ಪಿವಿಸಿ ಆಗಿರುವ ಸಾಧ್ಯತೆ ಜಾಸ್ತಿ. ಪಿವಿಸಿ ತಾನಾಗಿ ಗಡುಸು ಪ್ಲಾಸ್ಟಿಕ್. ಅದನ್ನು ಬಾಗುವಂತೆ ಮಾಡಲು ಪ್ಲಾಸ್ಟಿಸೈಸರ್ ಅನ್ನುವ ಎಣ್ಣೆಯಂಥ ದ್ರವ ಸೇರಿಸುತ್ತಾರೆ. ಅದು ಒಳಗೇ ಕೂರುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಗೆ ಜಿನುಗುತ್ತದೆ, ಬಿಸಿ ಇದ್ದಷ್ಟೂ ಬೇಗ. ಲೇಬಲ್‌ನ ಅಂಟು ಅದನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಲೇಬಲ್ ಜಾರುತ್ತದೆ. ಮೇಲೆ ಹೇಳಿದ ಎಳೆಎಳೆಯಾಗಿ ಬರುವ ಅಂಟು ಇದರ ಗುರುತು. ಹೀಗಾಗಿ ಡೇಟಾಶೀಟ್‌ನಲ್ಲಿ ಅಂಟು ಪ್ಲಾಸ್ಟಿಸೈಸರ್ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ತಗೊಳ್ಳಿ.

ಪಾಲಿಎಥಿಲೀನ್, ಪಾಲಿಪ್ರೊಪಿಲೀನ್, ಸಿಲಿಕೋನ್, ಪಿಟಿಎಫ್‌ಇ (ಟೆಫ್ಲಾನ್) ಜಾಕೆಟ್‌ಗಳದು ಬೇರೆಯೇ ತೊಂದರೆ. ಕಮಲದ ಎಲೆ ನೀರಿನ ಹನಿಯನ್ನು ಹಿಡಿದಿಟ್ಟುಕೊಳ್ಳುತ್ತದಾ? ಇವು ಅಂಟಿಗೂ ಹಾಗೇ. ಮೈ ಅಂಟನ್ನು ಎಷ್ಟು ಹರಡಿಕೊಳ್ಳಲು ಬಿಡುತ್ತದೆ ಅನ್ನುವ ಗುಣಕ್ಕೆ ಸರ್ಫೇಸ್ ಎನರ್ಜಿ ಅನ್ನುತ್ತಾರೆ. ಪಿವಿಸಿಯದು ಮೀಟರಿಗೆ ಸುಮಾರು 39 ಮಿಲಿನ್ಯೂಟನ್, ಪಾಲಿಎಥಿಲೀನ್‌ನದು 31ರ ಆಸುಪಾಸು, ಪಿಟಿಎಫ್‌ಇಯದು 20ರ ಹತ್ತಿರ. ಅಂಕಿ ಇಳಿದಷ್ಟೂ ಅಂಟು ಹರಡಿಕೊಳ್ಳುವುದಿಲ್ಲ. ಇಂಥ ಕೇಬಲ್‌ನಲ್ಲಿ ಲೇಬಲನ್ನು ಜಾಕೆಟ್‌ಗೆ ಅಂಟಿಸುವ ಹಟ ಬಿಟ್ಟುಬಿಡಿ. ಪೂರ್ತಿ ಒಂದು ಸುತ್ತು ದಾಟಿ ಲೇಬಲ್ ತನ್ನ ಮೇಲೆ ತಾನೇ ಅಂಟಿಕೊಳ್ಳುವಷ್ಟು ಉದ್ದ ಇಡಿ. ಆಗ ಅದು ಬಳೆಯ ಹಾಗೆ ಕೇಬಲ್ ಸುತ್ತ ನಿಲ್ಲುತ್ತದೆ. ತಿರುಗಬಹುದು, ಜಾರಬಹುದು, ಕಳಚಿ ಬೀಳುವುದಿಲ್ಲ.

ಅಂಟಿನಲ್ಲೂ ಎರಡು ಜಾತಿ. ರಬ್ಬರ್ ಅಂಟು ಇಟ್ಟ ತಕ್ಷಣ ಗಪ್ಪನೆ ಹಿಡಿಯುತ್ತದೆ, ಆದರೆ ಬಿಸಿಲು, ಬಿಸಿ, ವಯಸ್ಸು ಮೂರಕ್ಕೂ ಬಗ್ಗುತ್ತದೆ. ಅಕ್ರಿಲಿಕ್ ಅಂಟು ಮೊದಲು ಸಪ್ಪೆ ಅನ್ನಿಸುತ್ತದೆ, ಹಿಡಿತ ಪೂರ್ತಿ ಬರಲು ಒಂದರಿಂದ ಮೂರು ದಿನ ತಗೊಳ್ಳುತ್ತದೆ, ಆಮೇಲೆ ವರ್ಷಗಟ್ಟಲೆ ಬಾಳುತ್ತದೆ. ಕೈಯಲ್ಲಿ ಮುಟ್ಟಿ "ಇದು ಜಾಸ್ತಿ ಅಂಟುತ್ತೆ" ಅಂತ ರಬ್ಬರ್ ಆರಿಸುವವರು ತುಂಬಾ ಜನ. ಪ್ಯಾನೆಲ್‌ಗೆ ಅಕ್ರಿಲಿಕ್ ತಗೊಳ್ಳಿ, ಅದಕ್ಕೆ ಸಮಯ ಕೊಡಿ. ಅಂಟಿಸಿದ ದಿನವೇ ಎಣ್ಣೆ, ವಾಷಿಂಗ್ ಬಿದ್ದರೆ ಯಾವ ಅಂಟೂ ನಿಲ್ಲದು.

ಅಕ್ಷರ ಅಳಿಸುವುದಕ್ಕೆ ಬಂದರೆ, ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್ (ರಿಬ್ಬನ್‌ನ ಶಾಯಿಯನ್ನು ಬಿಸಿಯಿಂದ ಲೇಬಲ್‌ಗೆ ಇಳಿಸುವಂಥದ್ದು) ಇದ್ದರೆ ರಿಬ್ಬನ್ ಯಾವುದು ಅಂತ ನೋಡಿ. ವ್ಯಾಕ್ಸ್ ರಿಬ್ಬನ್ ಕಾಗದಕ್ಕೆ ಸರಿ. ವಿನೈಲ್, ಪಾಲಿಯೆಸ್ಟರ್ ಮೇಲೆ ರೆಸಿನ್ ರಿಬ್ಬನ್ನೇ ಬೇಕು. ರಿಬ್ಬನ್ ಇಲ್ಲದೆ ಬಿಸಿಯಿಂದಲೇ ಕಪ್ಪಾಗುವ ಡೈರೆಕ್ಟ್ ಥರ್ಮಲ್ ಲೇಬಲ್ ಪ್ಯಾನೆಲ್ ಒಳಗೆ ಬರಲೇಬಾರದು, ಬಿಸಿಗೆ ಹಿನ್ನೆಲೆಯೂ ಕಪ್ಪಾಗುತ್ತದೆ. ಪರೀಕ್ಷೆ ಸುಲಭ. ಒಂದು ಲೇಬಲ್ ಪ್ರಿಂಟ್ ಮಾಡಿ, ನಿಮ್ಮದೇ ಮಷಿನ್ ಎಣ್ಣೆಯಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಉಜ್ಜಿ. ಇನ್ನೊಂದನ್ನು ನೀವು ಬಳಸುವ ಕ್ಲೀನರ್‌ನಲ್ಲಿ ಉಜ್ಜಿ. ಡೇಟಾಶೀಟ್‌ನಲ್ಲಿ ಯುಎಲ್ 969 (ಲೇಬಲ್‌ಗಳ ಬಾಳಿಕೆ ಪರೀಕ್ಷಿಸುವ ಮಾನದಂಡ) ಅಂತ ಕಂಡರೆ ಒಳ್ಳೆಯದೇ, ಆದರೆ ಆ ಮಾನ್ಯತೆ ಯಾವ ಮೈಗೆ, ಯಾವ ರಿಬ್ಬನ್ ಜೊತೆಗೆ ಅಂತಲೂ ಓದಿ. ರಿಬ್ಬನ್ ಬದಲಾಯಿಸಿದರೆ ಆ ಮಾತು ಅನ್ವಯಿಸದೇ ಹೋಗಬಹುದು.

ಎಣ್ಣೆ ದಿನವೂ ಸುರಿಯುವ ಜಾಗ ಇದ್ದರೆ ಅಂಟುವ ಲೇಬಲನ್ನೇ ಕೈಬಿಟ್ಟು ಹೀಟ್ ಶ್ರಿಂಕ್ ಸ್ಲೀವ್‌ಗೆ ಹೋಗಿ. ಅದಕ್ಕೆ ಅಂಟೇ ಇಲ್ಲ, ಕೆಡುವುದೂ ಇಲ್ಲ. ಸಾಮಾನ್ಯ ಪಾಲಿಓಲೆಫಿನ್ ಸ್ಲೀವ್ 135 ಡಿಗ್ರಿವರೆಗೆ ತಡೆಯುತ್ತದೆ. 2:1 ಅಂದರೆ ಬಿಸಿಗೆ ಅರ್ಧ ವ್ಯಾಸಕ್ಕೆ ಇಳಿಯುತ್ತದೆ, 3:1 ಅಂದರೆ ಮೂರನೇ ಒಂದು ಭಾಗಕ್ಕೆ. ತೊಡಕು ಒಂದೇ, ವೈರ್ ತುದಿಗೆ ಲಗ್ (ಲೋಹದ ತುದಿ) ಒತ್ತುವ ಮುಂಚೆಯೇ ತೂರಿಸಿಡಬೇಕು. ಈಗಾಗಲೇ ಟರ್ಮಿನೇಟ್ ಆಗಿರುವ, ಅಂದರೆ ತುದಿ ಜೋಡಿಸಿ ಮುಗಿದಿರುವ ಕೇಬಲ್‌ಗೆ ಇದಕ್ಕಾಗಿ ಬಿಚ್ಚುವುದು ಬೇಡ, ಕೇಬಲ್ ಟೈನಲ್ಲಿ ಕಟ್ಟುವ ಟ್ಯಾಗ್ ಹಾಕಿ.

ಕೆಲವು ಕಡೆ ಆಯ್ಕೆಯೇ ಇರುವುದಿಲ್ಲ. ಸೋಲ್ಡರಿಂಗ್ ಬಿಸಿ ತಾಗುವಲ್ಲಿ ತುಂಬಾ ಬಿಸಿ ತಡೆಯುವ ಪಾಲಿಇಮೈಡ್ ಪ್ಲಾಸ್ಟಿಕ್‌ನ ಲೇಬಲ್. ಸುರಂಗ, ರೈಲು ಇಂಥ ಕಡೆ ಬೆಂಕಿ ಹತ್ತಿದಾಗ ವಿಷದ ಹೊಗೆ ಕಡಿಮೆ ಇರಲಿ ಅಂತ ಹ್ಯಾಲೊಜೆನ್ (ಕ್ಲೋರಿನ್‌ನಂಥವು) ಇಲ್ಲದ ಕೇಬಲ್ ಹಾಕಿದ್ದರೆ ಅದರ ಮೇಲೆ ಪಿವಿಸಿ, ಅಂದರೆ ವಿನೈಲ್ ಲೇಬಲ್ ಸುತ್ತಬೇಡಿ, ಪಾಲಿಓಲೆಫಿನ್ ಕೇಳಿ. ಫೈಬರ್ ಪ್ಯಾಚ್ ಕಾರ್ಡ್‌ನಂಥ ಸಪೂರ ಕೇಬಲ್‌ಗೆ ಬಾವುಟದ ಹಾಗೆ ನಿಲ್ಲುವ ಫ್ಲ್ಯಾಗ್ ಲೇಬಲ್ ಚೆನ್ನ, ಓದಲು ಜಾಗ ಸಿಗುತ್ತದೆ. ಮಷಿನ್‌ನ ಓಡಾಡುವ ಭಾಗದ ಹತ್ತಿರ ಮಾತ್ರ ಅದು ಸಿಕ್ಕಿಕೊಳ್ಳುತ್ತದೆ.

ಅಂಟಿಸುವ ರೀತಿ ಬಗ್ಗೆ ಎರಡು ಮಾತು. ಹೊಸ ಕೇಬಲ್ ಕಣ್ಣಿಗೆ ಚೊಕ್ಕಟ ಕಂಡರೂ ಮೇಲೆ ಪುಡಿ ಇರುತ್ತದೆ, ಪೈಪಿನಲ್ಲಿ ಎಳೆಯುವಾಗ ಹಚ್ಚಿದ ಲೂಬ್ರಿಕೆಂಟ್ ಇರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಅಂಟಿನ ಕಡೆ ಬೆರಳು ತಾಗಿಸಬೇಡಿ. ವಿನೈಲನ್ನು ಬಿಗಿಯಾಗಿ ಸುತ್ತಿ, ಆದರೆ ಎಳೆದು ಹಿಗ್ಗಿಸಬೇಡಿ. ಹಿಗ್ಗಿಸಿದ ವಿನೈಲ್ ವಾಪಸ್ ಕುಗ್ಗುವಾಗ ಅಂಚು ಎಬ್ಬಿಸುತ್ತದೆ. ಕೊನೆಗೆ ಹೆಬ್ಬೆರಳಲ್ಲಿ ಸುತ್ತಲೂ ಒತ್ತಿ. ಈ ಅಂಟುಗಳು ಒತ್ತಿದರೆ ಮಾತ್ರ ಕೆಲಸ ಮಾಡುತ್ತವೆ. ತುಂಬಾ ಚಳಿಯಲ್ಲಿ, ಅಂದರೆ 10 ಡಿಗ್ರಿಗಿಂತ ಕೆಳಗೆ, ಸಾಮಾನ್ಯವಾಗಿ ಅಂಟಿಸಬಾರದು.

ಇಷ್ಟೆಲ್ಲ ಯಾಕೆ ಅಂತ ಅನ್ನಿಸಬಹುದು. ಮಷಿನ್ ನಿಂತಾಗ ಗುರುತಿಲ್ಲದ ವೈರ್ ಮುಂದೆ ಮಲ್ಟಿಮೀಟರ್ ಹಿಡಿದು ನಿಲ್ಲುವವರು ನಮ್ಮಂಥವರೇ ಅಲ್ವಾ? ತಪ್ಪು ವೈರ್ ಬಿಚ್ಚಿದರೆ ಅಪಾಯ ಆಗುವುದು ಅವರಿಗೇ. ಮಷಿನ್‌ಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ಕೂಡ ಪ್ರತಿ ಟರ್ಮಿನೇಶನ್‌ನಲ್ಲೂ ವೈರ್ ಗುರುತು ಡ್ರಾಯಿಂಗ್‌ಗೆ ತಾಳೆಯಾಗಬೇಕು ಅನ್ನುತ್ತದೆ. ಎರಡೂ ತುದಿಗೆ ಲೇಬಲ್ ಹಾಕಿ.

ನಿಮಗೆ ನನ್ನ ಸಲಹೆ: ಪ್ಯಾನೆಲ್ ಒಳಗಿನ ಸಣ್ಣ ವೈರ್‌ಗೆ ನೈಲಾನ್ ಅಥವಾ ಚಿಕ್ಕ ಸೈಜಿನ ಸೆಲ್ಫ್ ಲ್ಯಾಮಿನೇಟಿಂಗ್ ವಿನೈಲ್, ಟ್ರೇ ಕೇಬಲ್‌ಗೆ ದೊಡ್ಡ ಸೈಜಿನ ಸೆಲ್ಫ್ ಲ್ಯಾಮಿನೇಟಿಂಗ್ ವಿನೈಲ್, ಮಷಿನ್ ಪಕ್ಕದ ಎಣ್ಣೆಯ ಜಾಗಕ್ಕೆ ಶ್ರಿಂಕ್ ಸ್ಲೀವ್. ಪೂರ್ತಿ ರೋಲ್ ತರುವ ಮುಂಚೆ ಸ್ಯಾಂಪಲ್ ಕೇಳಿ, ಪ್ಯಾನೆಲ್‌ನ ಅತಿ ಬಿಸಿ ಮೂಲೆಯಲ್ಲಿ ಒಂದು ತಿಂಗಳು ಬಿಟ್ಟು ನೋಡಿ. ಕೇಬಲ್ ಮೇಲೆ ಅಚ್ಚಾಗಿರುವ ಬರಹದ ಫೋಟೋ ಮತ್ತು ಹೊರ ವ್ಯಾಸ ಕಾಮೆಂಟ್‌ನಲ್ಲಿ ಹಾಕಿದರೆ, ಬಿಳಿ ಭಾಗ ಎಷ್ಟು, ಬಾಲ ಎಷ್ಟು ಬೇಕು ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.