ಹೋರಸ್ ಹೆರೆಸಿ: ಆರನೇ ಪುಸ್ತಕದಲ್ಲಿ ನಿಂತಿದ್ದೇನೆ, ಮುಂದುವರಿಸಬೇಕಾ?

'ಹೋರಸ್ ಹೆರೆಸಿ' ಅಂದರೆ 'ವಾರ್‌ಹ್ಯಾಮರ್ 40,000' ಆಟದ ಲೋಕದ ಕಾದಂಬರಿ ಸರಣಿ, ಮನುಕುಲದ ಚಕ್ರವರ್ತಿಯ ಮೇಲೆ ಅವನ ಮಗ ಹೋರಸ್ ದಂಗೆ ಏಳುವ ಕಥೆ. ಅದರ ಮೊದಲ ಐದು ಪುಸ್ತಕ ಬಿಡದೆ ಓದಿ ಮುಗಿಸಿದಿರಿ, ಆರನೆಯದರ ಅರ್ಧಕ್ಕೆ ಬೇಜಾರು ಬಂತು. ಒಟ್ಟು 54 ಪುಸ್ತಕ, ಒಂದೊಂದಕ್ಕೂ ಬೇರೆ ಬೇರೆ ಲೇಖಕರು, ಕೊನೆ ಏನು ಅಂತ ಆಗಲೇ ಗೊತ್ತು, ಹೀಗಿರುವಾಗ ಯಾಕೆ ಓದಬೇಕು ಅಂತ ಕೇಳಿದ್ದೀರಿ.

ಮುಂದುವರಿಸಿ. ಆದರೆ ಆ ಆರನೆಯದನ್ನು ಇವತ್ತೇ ಕೆಳಗಿಡಿ. ನಂಬರ್ ಪ್ರಕಾರ ಓದುವುದನ್ನೂ ಬಿಟ್ಟುಬಿಡಿ.

ನಿಮಗೆ ಬೇಜಾರು ಬಂದದ್ದಕ್ಕೆ ಕಾರಣವಿದೆ. ಮೊದಲ ಮೂರು ಪುಸ್ತಕಗಳನ್ನು ಡ್ಯಾನ್ ಆಬ್ನೆಟ್, ಗ್ರಹಾಂ ಮೆಕ್‌ನೀಲ್, ಬೆನ್ ಕೌಂಟರ್ ಮೂವರು ಬರೆದಿದ್ದರೂ ಕಥೆ ಒಂದೇ. 2006ರಲ್ಲಿ ಬಂದ 'ಹೋರಸ್ ರೈಸಿಂಗ್' ಶುರುವಾಗುವ ರೀತಿ ನೆನಪಿದೆ ಅಲ್ವಾ? ಹೋರಸ್ ಚಕ್ರವರ್ತಿಯನ್ನು ಕೊಂದ ದಿನ ನಾನು ಅಲ್ಲೇ ಇದ್ದೆ ಅಂತ ಹೋರಸ್‌ನ ಸೈನ್ಯದ ದಳನಾಯಕ ಲೋಕೆನ್ ಜೊತೆಗಾರರ ಮುಂದೆ ಹೇಳಿ ನಗಿಸುತ್ತಾನೆ. ಸತ್ತವನು ಯಾವುದೋ ಗ್ರಹದ ಸುಳ್ಳು ಚಕ್ರವರ್ತಿ. ಮುಂದೆ ಆ ಮಾತಿಗೆ ಯಾರೂ ನಗಲಾರರು ಅಂತ ಅದೇ ವಾಕ್ಯದಲ್ಲಿ ಸುಳಿವೂ ಇದೆ. ಅಲ್ಲಿಂದ ಮೂರನೇ ಪುಸ್ತಕದಲ್ಲಿ ಹೋರಸ್ ತನ್ನದೇ ಸೈನಿಕರ ಮೇಲೆ ವೈರಸ್ ಬಾಂಬ್ ಹಾಕಿಸುವವರೆಗೆ ಕಥೆ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ನಾಲ್ಕನೆಯದು ಮತ್ತು ಐದನೆಯದು ಅದೇ ದುರಂತವನ್ನು ಬೇರೆಯವರ ಕಡೆಯಿಂದ ತೋರಿಸುತ್ತವೆ. ಆರನೆಯದು, ಅಂದರೆ ಮಿಚೆಲ್ ಸ್ಕ್ಯಾನ್ಲನ್ ಅವರ 'ಡಿಸೆಂಟ್ ಆಫ್ ಏಂಜಲ್ಸ್', ಇದ್ದಕ್ಕಿದ್ದಂತೆ ಹಿಂದಿನ ಕಾಲಕ್ಕೆ ಹೋಗುತ್ತದೆ. ಕ್ಯಾಲಿಬನ್ ಅನ್ನುವ ಕಾಡಿನ ಗ್ರಹ, ಕುದುರೆ ಏರಿದ ಯೋಧರು, ಮೃಗಗಳ ಬೇಟೆ. ಹೋರಸ್ ಇಲ್ಲ, ಲೋಕೆನ್ ಇಲ್ಲ, ದಂಗೆಯ ಸುದ್ದಿಯೂ ಇಲ್ಲ. ಸರಣಿಯ ಆಕಾರ ಬದಲಾದದ್ದೇ ಇಲ್ಲಿ. ಇನ್ನು ಮುಂದೆ ನೇರ ಕಥೆ ಸಿಗುವುದಿಲ್ಲ. ಹದಿನೆಂಟು ಸೈನ್ಯಗಳು, ಒಂದೊಂದಕ್ಕೂ ಅದರದ್ದೇ ಕಥೆ.

ಕೊನೆ ಗೊತ್ತು ಅನ್ನುವ ಮಾತಿಗೆ ಬರುತ್ತೇನೆ. ಈ ಕಾದಂಬರಿಗಳು ಹುಟ್ಟುವ ಎಷ್ಟೋ ವರ್ಷ ಮೊದಲೇ ಅದು ಗೊತ್ತಿತ್ತು. 1988ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ 'ಅಡೆಪ್ಟಸ್ ಟೈಟಾನಿಕಸ್' ಅನ್ನುವ ಆಟ ತಂದಿತು. ಡಬ್ಬಿಯಲ್ಲಿ ಎರಡೂ ಕಡೆಗೆ ಒಂದೇ ಥರದ ಯಂತ್ರದೈತ್ಯರ ಗೊಂಬೆಗಳು. ಒಂದೇ ಥರದವರು ತಮ್ಮತಮ್ಮಲ್ಲೇ ಹೊಡೆದಾಡಲು ಕಾರಣ ಬೇಕಲ್ಲ, ಅದಕ್ಕೇ ಅಂತರ್ಯುದ್ಧದ ಕಥೆ ಕಟ್ಟಿದರು. ಹಾಗೆ ಹುಟ್ಟಿದ ಹೋರಸ್ ಸೋಲುತ್ತಾನೆ, ಚಕ್ರವರ್ತಿ ಜೀವಚ್ಛವವಾಗಿ ಸಿಂಹಾಸನ ಸೇರುತ್ತಾನೆ ಅನ್ನುವುದು ಈ ಸರಣಿಯ ಓದುಗರಿಗೆ ಮೊದಲಿನಿಂದ ಗೊತ್ತಿರುವ ಸಂಗತಿ. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ನಾವು ಕರ್ಣಪರ್ವದ ಆಟಕ್ಕೆ ಹೋಗುತ್ತೇವೆ. ಹೊರಡುವ ಮುಂಚೆ ಇವತ್ತು ಕರ್ಣ ಯಾರು, ಭಾಗವತರು ಯಾರು ಅಂತ ಕೇಳುತ್ತೇವೆ. ಈ ಸರಣಿಯನ್ನೂ ಹಾಗೇ ಆರಿಸಿಕೊಳ್ಳಿ. ಯಾವ ಸೈನ್ಯ, ಬರೆದವರು ಯಾರು, ಇಷ್ಟು ನೋಡಿದರೆ ಸಾಕು.

ನೀವು ಮುಂದೆ ಓದಬೇಕಾದ್ದು ಹನ್ನೆರಡನೆಯದು, ಮೆಕ್‌ನೀಲ್ ಅವರ 'ಎ ಥೌಸಂಡ್ ಸನ್ಸ್'. ಹೋರಸ್ ದ್ರೋಹ ಮಾಡುತ್ತಾನೆ ಅಂತ ಚಕ್ರವರ್ತಿಯ ಇನ್ನೊಬ್ಬ ಮಗ ಮ್ಯಾಗ್ನಸ್‌ಗೆ ಮುಂಚೆಯೇ ತಿಳಿಯುತ್ತದೆ. ತಂದೆಗೆ ಹೇಳಲೇಬೇಕು. ಬೇಗ ಮುಟ್ಟಿಸಲು ಅವನಿಗಿರುವುದು ಮಂತ್ರವಿದ್ಯೆಯ ದಾರಿ, ಅದನ್ನೇ ತಂದೆ ನಿಷೇಧಿಸಿದ್ದಾನೆ. ಆದರೂ ಹೇಳುತ್ತಾನೆ. ಹೇಳಲು ಹೋಗಿ ತಂದೆ ಗುಟ್ಟಾಗಿ ಕಟ್ಟುತ್ತಿದ್ದ ಜೀವಮಾನದ ಕೆಲಸವನ್ನೇ ಒಡೆದುಹಾಕುತ್ತಾನೆ. ಅವನು ಹೇಳಿದ್ದು ನಿಜ, ಹೇಳಿದ ರೀತಿಯಿಂದ ಸರ್ವನಾಶ. ಶಿಕ್ಷೆಗೆ ಬಂದ, 'ತೋಳಗಳು' ಅನ್ನುವ ಹೆಸರಿನ ಸೈನ್ಯ ಅವನ ಪುಸ್ತಕಭಂಡಾರಗಳ ಊರನ್ನು ಸುಡುವಾಗ ನನಗೆ ಆ ತೋಳಗಳ ಮೇಲೆ ಉರಿದುಹೋಗಿತ್ತು.

ಅದಾದ ಮೇಲೆ ಹದಿನೈದನೆಯದು, ಆಬ್ನೆಟ್ ಅವರ 'ಪ್ರಾಸ್ಪೆರೊ ಬರ್ನ್ಸ್'. ಅದೇ ಘಟನೆ, ಈಗ ತೋಳಗಳ ಕಡೆಯಿಂದ. ಹೇಳುವವನು ಸೈನಿಕನಲ್ಲ, ಕ್ಯಾಸ್ಪರ್ ಹಾಸರ್ ಅನ್ನುವ ಪಂಡಿತ. ಅವರ ನಡುವೆ ಬದುಕಿ, ಅವರ ಸತ್ತವರ ಕಥೆ ಹೇಳುವವನಾಗುತ್ತಾನೆ. ಊರು ಸುಡುವುದು ಕೊನೆಯ ಭಾಗದಲ್ಲಿ ಮಾತ್ರ. ಯುದ್ಧಕ್ಕಾಗಿ ಕಾಯುವವರಿಗೆ ಇದು ನಿಧಾನ ಅನ್ನಿಸುತ್ತದೆ, ನಿಜ. ಆದರೆ ಕಾಡುಜನ ಅಂದುಕೊಂಡಿದ್ದವರು ಎಷ್ಟು ಲೆಕ್ಕ ಹಾಕಿ ಬದುಕುತ್ತಾರೆ, ತಮಗೆ ವಹಿಸಿದ ಕೆಲಸದ ಭಾರ ಅವರಿಗೆ ಎಷ್ಟು ಚೆನ್ನಾಗಿ ಗೊತ್ತು ಅಂತ ಇಲ್ಲಿ ಕಾಣುತ್ತದೆ. ನನ್ನ ಸಿಟ್ಟು ಇಳಿಯಿತು, ಮ್ಯಾಗ್ನಸ್ ಮೇಲಿನ ಮರುಕ ಹಾಗೇ ಉಳಿಯಿತು. ಒಬ್ಬರೇ ಬರೆದಿದ್ದರೆ ಇಬ್ಬರ ಪರವಾಗಿ ಇಷ್ಟು ಗಟ್ಟಿಯಾಗಿ ನಿಲ್ಲಲು ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಹಲವು ಲೇಖಕರ ಸರಣಿ ಓದಬೇಕಾದ್ದು ಇದಕ್ಕೇ.

ಈ ಎರಡರ ನಡುವೆ ಆರನ್ ಡೆಂಬ್‌ಸ್ಕಿ-ಬೌಡೆನ್ ಅವರ 'ದ ಫಸ್ಟ್ ಹೆರೆಟಿಕ್' ಸಿಗುತ್ತದೆ, ಅದನ್ನೂ ಓದಿ. ತಂದೆಯನ್ನೇ ದೇವರೆಂದು ಪೂಜಿಸಿ, ಅದಕ್ಕಾಗಿ ಎಲ್ಲರೆದುರು ಮಂಡಿಯೂರುವಂತಾದ ಮಗನ ಕಥೆ. ಕಾಲ್ತ್ ಗ್ರಹದ ಮೇಲಿನ ದಾಳಿ ಇರುವ ಆಬ್ನೆಟ್ ಅವರ 'ನೋ ನೋ ಫಿಯರ್' (Know No Fear) ಪೂರ್ತಿ ವರ್ತಮಾನ ಕಾಲದಲ್ಲಿದೆ, ಗಡಿಯಾರ ಮುಂದಿಟ್ಟುಕೊಂಡು ಓದಿದ ಹಾಗೆ. ಕ್ರಿಸ್ ರೇಟ್ ಅವರ 'ಸ್ಕಾರ್ಸ್' ಕೂಡ ಒಳ್ಳೆಯದು. ಲೋಕೆನ್‌ಗಾಗಿ ಓದುವವರಾದರೆ 'ವೆಂಜ್‌ಫುಲ್ ಸ್ಪಿರಿಟ್' ಬಿಡಬೇಡಿ, ಕಾರಣ ಈಗ ಹೇಳುವುದಿಲ್ಲ.

ಉಳಿದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 54ರಲ್ಲಿ ಹತ್ತಕ್ಕೂ ಜಾಸ್ತಿ ಸಣ್ಣಕಥೆಗಳ ಸಂಕಲನಗಳು, ಬೇಕಾದಾಗ ಒಂದೆರಡು ಕಥೆ ಓದಬಹುದು. ಮಧ್ಯದಲ್ಲಿ ಎರಡನೇ ಸಾಮ್ರಾಜ್ಯ ಕಟ್ಟುವ ಭಾಗ ತುಂಬಾ ಎಳೆದಿದೆ. ನಾನೂ ಸುಮಾರು ಪುಸ್ತಕ ಬಿಟ್ಟೇ ಮುಂದೆ ಹೋದೆ. ಕೊನೆಯ ಯುದ್ಧ 'ಸೀಜ್ ಆಫ್ ಟೆರ್ರಾ' ಅನ್ನುವ ಬೇರೆ ಸರಣಿಯಲ್ಲಿದೆ. 2019ರಲ್ಲಿ ಜಾನ್ ಫ್ರೆಂಚ್ ಅವರ 'ದ ಸೋಲಾರ್ ವಾರ್'ನಿಂದ ಶುರುವಾಗಿ, 2024ರಲ್ಲಿ ಆಬ್ನೆಟ್ ಅವರ ಮೂರು ಸಂಪುಟದ ಕೊನೆಯ ಕಾದಂಬರಿಯೊಂದಿಗೆ ಮುಗಿಯಿತು. ಅದನ್ನು ಮಾತ್ರ ಕ್ರಮವಾಗಿ ಓದಿ.

ಸದ್ಯಕ್ಕೆ ಹನ್ನೆರಡನೆಯದೊಂದನ್ನೇ ತರಿಸಿಕೊಳ್ಳಿ. ಅದನ್ನು ಮುಗಿಸಿದ ಮೇಲೆ ತೋಳಗಳ ಕಡೆಯ ಮಾತನ್ನೂ ಕೇಳಬೇಕು ಅನ್ನಿಸದಿದ್ದರೆ ಸರಣಿಯನ್ನು ಅಲ್ಲಿಗೇ ನಿಲ್ಲಿಸಿಬಿಡಿ.