ಹಫೀಜ್ ಸಯೀದ್‌ಗೆ ಶಿಕ್ಷೆಯಾದದ್ದು ಯಾವ ಅಪರಾಧಕ್ಕೆ?

ಪ್ರಶ್ನೆ: 2008ರ ನವೆಂಬರ್ 26ರಂದು ಮುಂಬೈ ಮೇಲೆ ನಡೆದ ದಾಳಿಯ ಹಿಂದಿದ್ದ ಹಫೀಜ್ ಸಯೀದ್ ಮೊದಲು ಪ್ರಾಧ್ಯಾಪಕನಾಗಿದ್ದನೆಂಬುದು ನಿಜವೇ? ಅವನು ಈಗ ಜೈಲಿನಲ್ಲಿರುವುದರಿಂದ ನಮ್ಮ ಊರಿಗೆ ನ್ಯಾಯ ಸಿಕ್ಕಿತೆಂದು ತಿಳಿಯಬಹುದೇ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಪ್ರಾಧ್ಯಾಪಕನಾಗಿದ್ದುದು ನಿಜ. ಪಾಕಿಸ್ತಾನದ ಪಂಜಾಬಿನವನಾದ ಸಯೀದ್ ಲಾಹೋರಿನ ಎಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಇಸ್ಲಾಮಿಕ್ ಅಧ್ಯಯನ ಬೋಧಿಸುತ್ತಿದ್ದ. ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆಯ ವಿರುದ್ಧ ಯುದ್ಧ ನಡೆಯುತ್ತಿದ್ದ 1980ರ ದಶಕದಲ್ಲಿ ಅವನು ಸಂಗಡಿಗರೊಂದಿಗೆ ಕಟ್ಟಿದ ಧರ್ಮಪ್ರಚಾರ ಸಂಸ್ಥೆಯ ಸಶಸ್ತ್ರ ಅಂಗವೇ ಲಷ್ಕರ್-ಎ-ತಯ್ಯಬಾ.

ಅವನ ನಿಜವಾದ ಬಲ ಸಂಘಟನೆಯಲ್ಲಿತ್ತು ಎಂಬುದು ನನ್ನ ಅಭಿಪ್ರಾಯ. ಲಾಹೋರಿನ ಹತ್ತಿರದ ಮುರೀದ್ಕೆಯಲ್ಲಿ ಮಸೀದಿ, ಶಾಲೆ, ಆಸ್ಪತ್ರೆಗಳಿದ್ದ ದೊಡ್ಡ ಆವರಣವೇ ಎದ್ದಿತು. ಬಕ್ರೀದ್ ಬಂತೆಂದರೆ ಕಾರ್ಯಕರ್ತರು ಬಲಿಪ್ರಾಣಿಗಳ ಚರ್ಮ ಸಂಗ್ರಹಿಸಿ ಮಾರಿ ಹಣ ಕೂಡಿಸುತ್ತಿದ್ದರು. 2002ರ ಜನವರಿಯಲ್ಲಿ ಪಾಕಿಸ್ತಾನ ಲಷ್ಕರ್ ಅನ್ನು ನಿಷೇಧಿಸಿದಾಗ, ಜಮಾತ್-ಉದ್-ದಾವಾ ಎಂಬ ಹೆಸರಿನಲ್ಲಿ ಅದೇ ಜನ, ಅದೇ ನಾಯಕ, ಸೇವಾಸಂಸ್ಥೆಯ ವೇಷದಲ್ಲಿ ಮುಂದುವರಿದರು. ಆಂಬ್ಯುಲೆನ್ಸ್ ಓಡಿಸುವವರನ್ನು ಭಯೋತ್ಪಾದಕರೆನ್ನಲು ಅಲ್ಲಿನ ಸಾಮಾನ್ಯ ಜನರಿಗೆ ಮನಸ್ಸು ಬಾರದಿದ್ದುದೇ ಅವನಿಗೆ ರಕ್ಷಣೆಯಾಯಿತು.

ಆ ಸಂಘಟನೆ ಕರಾಚಿಯಿಂದ ಸಮುದ್ರಮಾರ್ಗವಾಗಿ ಕಳುಹಿಸಿದ ಹತ್ತು ಮಂದಿ 166 ಜನರನ್ನು ಕೊಂದರು. ನಾವು ದಿನವೂ ಲೋಕಲ್ ಹಿಡಿಯುವ ಸಿಎಸ್‌ಟಿ (ಈಗಿನ ಸಿಎಸ್‌ಎಂಟಿ) ರೈಲು ನಿಲ್ದಾಣದಲ್ಲಿ, ದೂರದೂರಿನ ಗಾಡಿಗಾಗಿ ಗಂಟುಮೂಟೆಗಳೊಂದಿಗೆ ಕುಳಿತಿದ್ದವರ ಮೇಲೆ ಗುಂಡು ಸುರಿಸಿದವರು ಇಬ್ಬರೇ. ಅವರಲ್ಲೊಬ್ಬನಾದ ಕಸಬ್ ಜೀವಂತ ಸಿಕ್ಕಿದ್ದು, ಗಿರ್ಗಾಂವ್ ಚೌಪಾಟಿಯಲ್ಲಿ ಕೈಯಲ್ಲಿ ಬರೀ ಲಾಠಿಯಿದ್ದ ಪೊಲೀಸ್ ಸಿಬ್ಬಂದಿ ತುಕಾರಾಂ ಓಂಬ್ಳೆ ಅವನ ಬಂದೂಕಿನ ನಳಿಗೆಯನ್ನು ಬಿಗಿಯಾಗಿ ಹಿಡಿದು, ಗುಂಡುಗಳು ಮೈಹೊಕ್ಕರೂ ಬಿಡದೇ ಇದ್ದುದರಿಂದ. ಪಿತೂರಿಯ ಎಳೆಗಳು ಬಿಚ್ಚಿಕೊಂಡದ್ದು ಹಾಗೆ. ಸಯೀದ್ ಮಾತ್ರ ತನ್ನ ಪಾತ್ರವನ್ನು ಅಲ್ಲಗಳೆಯುತ್ತಲೇ ಬಂದ. 2012ರ ಏಪ್ರಿಲ್‌ನಲ್ಲಿ ಅಮೆರಿಕ ಅವನ ವಿಷಯದಲ್ಲಿ ಒಂದು ಕೋಟಿ ಡಾಲರ್ ಬಹುಮಾನ ಘೋಷಿಸಿದ ಬೆನ್ನಿಗೇ ರಾವಲ್ಪಿಂಡಿಯಲ್ಲಿ ಬಹಿರಂಗವಾಗಿ ಪತ್ರಿಕಾಗೋಷ್ಠಿ ನಡೆಸಿದ.

ಇನ್ನು ನ್ಯಾಯದ ಮಾತು. ಗೃಹಬಂಧನ, ಬಿಡುಗಡೆಗಳು ಪದೇ ಪದೇ ನಡೆದ ಮೇಲೆ, ಅಂತರರಾಷ್ಟ್ರೀಯ ಹಣಕಾಸು ನಿಗಾ ಸಂಸ್ಥೆಯಾದ ಎಫ್‌ಎಟಿಎಫ್ 2018ರಲ್ಲಿ ಪಾಕಿಸ್ತಾನವನ್ನು ಬೂದು ಪಟ್ಟಿಗೆ, ಅಂದರೆ ಭಯೋತ್ಪಾದನೆಗೆ ಹಣ ಹರಿಯುವುದನ್ನು ಸಾಕಷ್ಟು ತಡೆಯದ ದೇಶಗಳ ಪಟ್ಟಿಗೆ, ಸೇರಿಸಿತು. ಆ ಒತ್ತಡದ ನಡುವೆ ಸಯೀದ್‌ನ ಬಂಧನವಾದದ್ದು 2019ರ ಜುಲೈನಲ್ಲಿ. 2020 ಮತ್ತು 2022ರಲ್ಲಿ ಅಲ್ಲಿನ ನ್ಯಾಯಾಲಯಗಳು ವಿಧಿಸಿದ ಶಿಕ್ಷೆಗಳೆಲ್ಲ ಭಯೋತ್ಪಾದನೆಗೆ ಹಣ ಒದಗಿಸಿದ ಪ್ರಕರಣಗಳಿಗೆ ಸೇರಿದವು. ಮುಂಬೈಯ ಕೊಲೆಗಳಿಗಾಗಿ ಅವನಿಗೆ ಒಂದು ದಿನದ ಶಿಕ್ಷೆಯೂ ಆಗಿಲ್ಲ. ಆದ್ದರಿಂದ ನ್ಯಾಯ ಸಿಕ್ಕಿತೆಂದು ನಾನು ಹೇಳಲಾರೆ. ಅವನನ್ನು ಹಸ್ತಾಂತರಿಸಬೇಕೆಂದು ಭಾರತ 2023ರ ಡಿಸೆಂಬರ್‌ನಲ್ಲಿ ವಿಧಿವತ್ತಾಗಿ ಕೇಳಿತು. ಎರಡು ದೇಶಗಳ ನಡುವೆ ಹಸ್ತಾಂತರ ಒಪ್ಪಂದವಿಲ್ಲವೆಂಬ ಉತ್ತರ ಅಲ್ಲಿಂದ ಬಂತು.