ಸರ್ಜನ್ ಆದವನು ಫೈಲ್ ಹಿಡಿದರೆ ಓದಿದ್ದು ದಂಡವಾ?

ನಿಮ್ಮ ಪ್ರಶ್ನೆ ನೋಡಿ ನಗು ಬಂತು. ನೀವು ಸರ್ಜರಿಯಲ್ಲಿ ಎಂ.ಎಸ್. ಮುಗಿಸಿ ಮೂರು ವರ್ಷ, ಮನಸ್ಸು ಆರೋಗ್ಯ ನೀತಿ, ಆಸ್ಪತ್ರೆಗಳ ನಿಯಂತ್ರಣದ ಕಡೆ ಎಳೆಯುತ್ತಿದೆ, ಮನೆಯಲ್ಲಿ ಮಾತ್ರ "ಇಷ್ಟು ಓದಿ ಗುಮಾಸ್ತನ ಕೆಲಸಕ್ಕೆ ಹೋಗ್ತೀಯಾ?" ಅಂತಾರೆ. ನಮ್ಮ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಮಾತು ಕೇಳಿದ್ದೆ. ಸರ್ಜನ್ ಆಗಿದ್ದು ಈ ದಾರಿಯಲ್ಲಿ ಏನಾದರೂ ಮಾಡಿದವರು ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ನನಗೆ ಮೊದಲು ನೆನಪಾಗುವುದು ಥಾಮಸ್ ವೇಕ್ಲಿ.

1795 ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ರೈತನ ಮಗನಾಗಿ ಹುಟ್ಟಿದವನು. ಲಂಡನ್ನಿನಲ್ಲಿ ಸರ್ಜರಿ ಕಲಿತ, ಮದುವೆಯಾದ, ದೊಡ್ಡವರ ಬೀದಿಯಲ್ಲಿ ಪ್ರಾಕ್ಟೀಸ್ ಶುರುಮಾಡಿದ. 1820 ರಲ್ಲಿ ಐದು ಜನ ರಾಜದ್ರೋಹಿಗಳನ್ನು ಗಲ್ಲಿಗೇರಿಸಿ, ಮುಸುಕುಧಾರಿಯೊಬ್ಬನಿಂದ ಅವರ ತಲೆ ಕಡಿಸಿದರು. ಆ ಮುಸುಕಿನವನು ವೇಕ್ಲಿಯೇ ಅಂತ ಸುಳ್ಳು ಸುದ್ದಿ ಹಬ್ಬಿತು. ಒಂದು ರಾತ್ರಿ ಅವನ ಮೇಲೆ ಹಲ್ಲೆಯಾಯಿತು, ಮನೆಗೆ ಬೆಂಕಿ ಬಿತ್ತು. ವಿಮೆ ಕಂಪನಿ "ನೀನೇ ಹಚ್ಚಿಕೊಂಡಿದ್ದು" ಅಂದಿತು. ಕೋರ್ಟಿಗೆ ಹೋಗಿ ಗೆದ್ದ, ಆದರೆ ಪ್ರಾಕ್ಟೀಸ್ ಹಾಳಾಗಿತ್ತು. ಅಂದರೆ ಆದರ್ಶ ಅಂತ ಕತ್ತಿ ಕೆಳಗಿಟ್ಟವನಲ್ಲ ಇವನು. ಕೈ ಸುಟ್ಟುಕೊಂಡು ಬೇರೆ ದಾರಿ ಹುಡುಕಿದವನು.

1823 ರ ಅಕ್ಟೋಬರ್‌ನಲ್ಲಿ ಒಂದು ವಾರಪತ್ರಿಕೆ ಶುರುಮಾಡಿದ. ನೀವು ಪೇಪರ್ ಪ್ರಕಟವಾಗಲಿ ಅಂತ ಹಂಬಲಿಸುವ ಅದೇ ವೈದ್ಯಕೀಯ ಪತ್ರಿಕೆ, ಲ್ಯಾನ್ಸೆಟ್. ಆಗ ಅದಕ್ಕೆ ಈಗಿನ ಗಾಂಭೀರ್ಯ ಇರಲಿಲ್ಲ. ವಿದ್ಯಾರ್ಥಿಗಳು ಫೀಸು ಕಟ್ಟಿ ಕೇಳಬೇಕಿದ್ದ ದೊಡ್ಡ ಸರ್ಜನ್‌ಗಳ ಪಾಠಗಳನ್ನು ಇವನು ಅಚ್ಚು ಹಾಕಿ ಎಲ್ಲರಿಗೂ ಹಂಚಿಬಿಟ್ಟ. ಆಸ್ಪತ್ರೆ ಹುದ್ದೆಗಳು ಅಣ್ಣನ ಮಗ, ತಂಗಿಯ ಮಗ, ದುಡ್ಡು ಕೊಟ್ಟ ಶಿಷ್ಯ ಅಂತ ಹೋಗುತ್ತಿದ್ದುದನ್ನು ಹೆಸರು ಹಾಕಿ ಬರೆದ.

1828 ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಬ್ರಾನ್ಸ್‌ಬಿ ಕೂಪರ್ ಅನ್ನುವ ಸರ್ಜನ್ ಒಬ್ಬ ರೋಗಿಯ ಮೂತ್ರಕೋಶದ ಕಲ್ಲು ತೆಗೆಯಲು ಹೊರಟ. ಅರಿವಳಿಕೆ ಇಲ್ಲದ ಕಾಲ. ಕೈಚಳಕ ಇದ್ದವರು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಇವನು ಹೆಚ್ಚುಕಮ್ಮಿ ಒಂದು ಗಂಟೆ ತೆಗೆದುಕೊಂಡ. ಕಟ್ಟಿಹಾಕಿದ್ದ ರೋಗಿ ಬಿಟ್ಟುಬಿಡಿ ಅಂತ ಬೇಡಿಕೊಳ್ಳುತ್ತಿದ್ದ. ಮಾರನೆಯ ದಿನ ಸತ್ತ. ಲ್ಯಾನ್ಸೆಟ್ ಇದನ್ನು ನಾಟಕದ ಅಂಕದ ಹಾಗೆ ಬರೆದು ಪ್ರಕಟಿಸಿತು. ಕೂಪರ್ 2000 ಪೌಂಡ್ ಮಾನನಷ್ಟ ಕೇಳಿದ, ಜ್ಯೂರಿ ಕೊಟ್ಟಿದ್ದು 100.

ಓದುವಾಗ ನನ್ನ ಬೆನ್ನಲ್ಲಿ ಈಗಲೂ ಬೆವರು ಬರುತ್ತದೆ. ಕಲ್ಲು ಕೈಗೆ ಸಿಗದೆ ಪರದಾಡಿದ ದಿನ ನಮ್ಮೆಲ್ಲರಿಗೂ ಇದೆ, ಅಲ್ವಾ? ಅದನ್ನು ನಾಟಕ ಮಾಡಿದ್ದು ಕ್ರೂರವೇ. ಆದರೆ ವೇಕ್ಲಿ ಕೇಳಿದ ಪ್ರಶ್ನೆ ಬೇರೆ. ಆ ಟೇಬಲ್ ಮುಂದೆ ಈ ಮನುಷ್ಯನನ್ನು ನಿಲ್ಲಿಸಿದ್ದು ಯಾರು? ಬ್ರಾನ್ಸ್‌ಬಿ ಆ ಆಸ್ಪತ್ರೆಯ ಹೆಸರಾಂತ ಸರ್ಜನ್ ಸರ್ ಆಸ್ಟ್ಲಿ ಕೂಪರ್‌ನ ಸಹೋದರನ ಮಗ.

ವೇಕ್ಲಿ ಪಾರ್ಲಿಮೆಂಟಿನಲ್ಲಿ 1835 ರಿಂದ 1852 ರವರೆಗೆ ಇದ್ದ. ಅಲ್ಲಿ ಭಾಷಣ ಬೇಕಾದಷ್ಟು ಮಾಡಿದ. ನನಗೆ ಜಾಸ್ತಿ ಹಿಡಿಸುವುದು ಅವನ ಇನ್ನೊಂದು ಹುದ್ದೆ. 1839 ರಲ್ಲಿ ಪಶ್ಚಿಮ ಮಿಡ್ಲ್‌ಸೆಕ್ಸ್‌ನ ಕರೋನರ್ ಆಗಿ ಚುನಾಯಿತನಾದ. ಅನುಮಾನದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿ ಅದು. ಆಗ ಅಲ್ಲಿ ಸಾಮಾನ್ಯವಾಗಿ ವಕೀಲರೇ ಕೂರುತ್ತಿದ್ದರು. ಸಾವು ಯಾಕಾಯಿತು ಅಂತ ಹೇಳಬೇಕಾದವನಿಗೆ ದೇಹದ ಬಗ್ಗೆ ಗೊತ್ತಿರಬೇಕು ಅನ್ನುವುದು ಇವನ ವಾದ.

1846 ರಲ್ಲಿ ಹೌನ್ಸ್ಲೋ ಸೇನಾ ಠಾಣೆಯ ಫ್ರೆಡರಿಕ್ ವೈಟ್ ಅನ್ನುವ ಸಿಪಾಯಿಗೆ 150 ಛಡಿ ಏಟು ಬಿತ್ತು. ಒಂದು ತಿಂಗಳೊಳಗೆ ಸತ್ತ. ಸೇನೆಯ ಡಾಕ್ಟರ್‌ಗಳು ಪೋಸ್ಟ್‌ಮಾರ್ಟಂ ಮಾಡಿ, ಹೃದಯ ಮತ್ತು ಶ್ವಾಸಕೋಶದ ಕಾಯಿಲೆ, ಏಟಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಬರೆದರು. ಊರ ಪಾದ್ರಿಗೆ ನಂಬಿಕೆ ಬರಲಿಲ್ಲ. ಹಾಗೇ ಹೂಳಲು ಒಪ್ಪದೆ ಕರೋನರ್‌ಗೆ ಹೇಳಿ ಕಳಿಸಿದ. ವೇಕ್ಲಿ ಹೊರಗಿನ ಸರ್ಜನ್ ಎರಾಸ್ಮಸ್ ವಿಲ್ಸನ್ ಕೈಯಲ್ಲಿ ಬೆನ್ನಿನ ಪರೀಕ್ಷೆ ಮಾಡಿಸಿದ. ಬೆನ್ನುಮೂಳೆಗೆ ಅಂಟಿಕೊಂಡ ಸ್ನಾಯುಗಳು ಒಳಗೇ ಹಾಳಾಗಿದ್ದವು. ಛಡಿ ಏಟಿನಿಂದಲೇ ಸಾವು ಅಂತ ಜ್ಯೂರಿ ಹೇಳಿತು. ಅದೇ ವರ್ಷ ಸೇನೆ ಗರಿಷ್ಠ ಏಟುಗಳನ್ನು 50 ಕ್ಕೆ ಇಳಿಸಿತು. 1881 ರಲ್ಲಿ ಆ ಶಿಕ್ಷೆಯೇ ಹೋಯಿತು.

ಇದನ್ನು ಇಷ್ಟು ಉದ್ದ ಹೇಳಲು ನನ್ನದೇ ಒಂದು ಕಾರಣ ಇದೆ. ನಾನು ಡ್ಯೂಟಿ ಡಾಕ್ಟರ್ ಆಗಿದ್ದಾಗ, ಕರುಳಿನ ಆಪರೇಷನ್ ಆದ ಒಬ್ಬ ಹೆಂಗಸು ಐದನೇ ದಿನ ತೀರಿಕೊಂಡರು. ಹೊಲಿಗೆ ಬಿಟ್ಟು ಹೊಟ್ಟೆ ತುಂಬ ಕೀವಾಗಿತ್ತು. ಸೀನಿಯರ್ ಒಬ್ಬರು ಫಾರಂ ನನ್ನ ಮುಂದೆ ತಳ್ಳಿ, "ಹೃದಯ, ಉಸಿರು ನಿಂತಿದ್ದು ಅಂತ ಬರಿ" ಅಂದರು. ಬರೆದೆ. ಹೃದಯ ನಿಲ್ಲದೆ ಯಾರು ಸಾಯ್ತಾರೆ ಹೇಳಿ? ಸಾವಿನ ಕಾರಣ ಬರೆಯುವ ಫಾರಂ 4 ರಲ್ಲೇ ಹಾಗೆ ಬರೆಯಬೇಡಿ, ಸಾವು ತಂದ ಕಾಯಿಲೆ ಬರೆಯಿರಿ ಅಂತ ಅಚ್ಚಾಗಿದೆ. ಆ ಸಾಲು ನನ್ನ ಕಣ್ಣಿಗೆ ಬಿದ್ದದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲಿಂದಲೇ ನಾನು ಸಾವುಗಳ ಆಡಿಟ್ ಮೀಟಿಂಗ್‌ಗಳಿಗೆ ಕರೆಯದಿದ್ದರೂ ಹೋಗಿ ಕೂರಲು ಶುರುಮಾಡಿದ್ದು.

ವೇಕ್ಲಿಯ ಕೊನೆಯ ದೊಡ್ಡ ಕೆಲಸ ಕಲಬೆರಕೆಯದ್ದು. 1851 ರಿಂದ ಆರ್ಥರ್ ಹಸಲ್ ಅನ್ನುವ ಡಾಕ್ಟರ್ ಅಂಗಡಿಗಳಿಂದ ತಿಂಡಿ ತಿನಿಸು ಕೊಂಡು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡುತ್ತಿದ್ದ. ಬ್ರೆಡ್‌ನಲ್ಲಿ ಪಟಿಕ, ಮಕ್ಕಳ ಮಿಠಾಯಿಯಲ್ಲಿ ಸೀಸದ ಬಣ್ಣ, ಕಾಫಿಪುಡಿಯಲ್ಲಿ ಚಿಕೋರಿ. (ನಾವು ಚಿಕೋರಿ ಇಲ್ಲದಿದ್ದರೆ ಕಾಫಿಯೇ ಅಲ್ಲ ಅನ್ನುವ ಜನ. ಆದರೆ ನಮ್ಮ ಪ್ಯಾಕೆಟ್ ಮೇಲೆ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ. ಜಗಳ ಇದ್ದಿದ್ದು ಅದಕ್ಕೇ.) ಅಂಗಡಿಯವರ ಹೆಸರು, ವಿಳಾಸ ಸಮೇತ ವೇಕ್ಲಿ ಪ್ರಕಟಿಸಿದ. ಒಳ್ಳೆಯ ಮಾಲು ಮಾರಿದವರ ಹೆಸರೂ ಹಾಕಿದ. 1860 ರಲ್ಲಿ ಕಲಬೆರಕೆ ಕಾನೂನು ಬಂತು. ಹಲ್ಲಿಲ್ಲದ ಕಾನೂನು, ಗಟ್ಟಿಯಾದದ್ದು ಬರಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಡಾಕ್ಟರ್‌ಗಳ ಪಟ್ಟಿ ಇಡಬೇಕು ಅಂತ ಅವನು ತಂದ ಮಸೂದೆಯೂ ಬಿದ್ದುಹೋಗಿತ್ತು. ಅಂಥ ಪಟ್ಟಿ ಇಡುವ ಮೆಡಿಕಲ್ ಕೌನ್ಸಿಲ್ 1858 ರಲ್ಲಿ ಆಗುವಾಗ ಅವನು ಪಾರ್ಲಿಮೆಂಟ್ ಬಿಟ್ಟು ಆರು ವರ್ಷ. 1862 ರಲ್ಲಿ ತೀರಿಕೊಂಡ.

ಹಾಗಾಗಿ ಬೇಗ ಫಲ ಸಿಗುತ್ತದೆ ಅಂತ ಮಾತ್ರ ಹೊರಡಬೇಡಿ. ಆಪರೇಷನ್ ಆದರೆ ಸಂಜೆ ರೌಂಡ್ಸ್‌ನಲ್ಲಿ ಗೊತ್ತಾಗುತ್ತದೆ. ಇಲ್ಲಿ ಒಂದು ಸುತ್ತೋಲೆ ಬದಲಾಗಲು ಮೂರು ಜನ ಆಯುಕ್ತರು ಬದಲಾಗಬೇಕು.

ಇನ್ನೊಂದು ವಿಷಯ. ಕೆಲಸ ಪೂರ್ತಿ ಬಿಡಬೇಡಿ. ವೇಕ್ಲಿ ಬಿಟ್ಟ ನಿಜ, ಆದರೆ ಅವನಿಗೆ ಬೇರೆ ದಾರಿ ಇರಲಿಲ್ಲ. ವಾರಕ್ಕೆ ಎರಡು ದಿನವಾದರೂ ಓಟಿ, ಅಂದರೆ ಆಪರೇಷನ್ ಥಿಯೇಟರ್, ಇಟ್ಟುಕೊಳ್ಳಿ. ನಾನು ಮಂಗಳವಾರ, ಶುಕ್ರವಾರ ಇಟ್ಟುಕೊಂಡಿದ್ದೇನೆ, ಬಹುತೇಕ ಹರ್ನಿಯಾ. ಮೀಟಿಂಗ್‌ನಲ್ಲಿ ಯಾರಾದರೂ "ನಿಮಗೇನ್ರೀ ಗೊತ್ತು, ಒಳಗೆ ಬಂದು ನೋಡಿ" ಅಂದರೆ, ಬೆಳಿಗ್ಗೆ ಅಲ್ಲಿಂದಲೇ ಬಂದೆ ಅನ್ನಬಹುದು. ಮನೆಯವರಿಗೂ ಅದನ್ನೇ ಹೇಳಿ. ನಮ್ಮಮ್ಮ ಶುಕ್ರವಾರದ ಲೆಕ್ಕ ಕೇಳಿದ ಮೇಲೆ ಸುಮ್ಮನಾದರು.